ಮುಖ ಇದ್ದ ಹಾಗೇ ಇರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಈ ಶಾಲೆಯ ಸಮಾರಂಭಗಳಲ್ಲಿ ನನ್ನ ಜಾಗ ಯಾವಾಗಲೂ ವೇದಿಕೆಯ ಕೆಳಗೆ. "ಸ್ವಲ್ಪ ಈ ಕಡೆ ನೋಡಿ ಸಾರ್" ಅನ್ನುವುದು ಬಿಟ್ಟರೆ ಇಲ್ಲಿ ಬೇರೆ ಮಾತು ಆಡಿದವನಲ್ಲ. ಸಮಿತಿಯವರು ಈ ಸಲ "ನಿನ್ನ ಕಸುಬಿನ ಬಗ್ಗೆ ಮಾತಾಡು" ಎಂದು ಮೇಲೆ ಹತ್ತಿಸಿದ್ದಾರೆ. ಕಸುಬು ಕಲಿತದ್ದು, ಅದರಲ್ಲಿ ನನಗೊಂದು ರೀತಿ ಸಿಕ್ಕಿದ್ದು, ಅದನ್ನು ಮಾಡುತ್ತಾ ಮೈಮನಸ್ಸು ಉಳಿಸಿಕೊಂಡದ್ದು, ಈ ಮೂರು ಹೇಳಿ ಕೂರುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಮನೆಯಲ್ಲಿ ಮುಂದೆ ಓದಿಸುವ ಶಕ್ತಿ ಇರಲಿಲ್ಲ. ಮದ್ದೂರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ವರ್ಷ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಕಸ ಗುಡಿಸುವುದು, ಟ್ರೇ ತೊಳೆಯುವುದು, ಪ್ರಿಂಟ್ ಒಣಗಿಸುವುದು. ಆಮೇಲೆ ಡಾರ್ಕ್ ರೂಮಿಗೆ ಬಿಟ್ಟರು. ಕೆಂಪು ಬಲ್ಬಿನ ಬೆಳಕಿನಲ್ಲಿ ಬಿಳಿ ಕಾಗದವನ್ನು ಡೆವಲಪರ್ ಟ್ರೇಗೆ ಇಳಿಸಿ ಅಲುಗಾಡಿಸುತ್ತಿದ್ದರೆ ಮೊದಲು ಕೂದಲು, ಹುಬ್ಬು, ಆಮೇಲೆ ಕಣ್ಣು ಮೂಡುತ್ತಿತ್ತು. ಇವತ್ತಿನ ಮಕ್ಕಳಿಗೆ ಅದನ್ನು ತೋರಿಸಲಾಗುವುದಿಲ್ಲವಲ್ಲ ಅನ್ನಿಸುತ್ತದೆ. ಆಮೇಲೆ ಹೈಪೋದಲ್ಲಿ ಇಟ್ಟು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೈಪೋ ಉಳಿದರೆ ಕೆಲವು ವರ್ಷಕ್ಕೆ ಫೋಟೊ ಹಳದಿಯಾಗುತ್ತದೆ. "ಇವತ್ತು ತೊಳೆಯೋದಕ್ಕೆ ಬೇಜಾರು ಮಾಡ್ಕೊಂಡ್ರೆ ಅವರ ಮೊಮ್ಮಕ್ಕಳು ನಮ್ಮನ್ನ ಬೈತಾರೆ ಕಣೋ" ಎನ್ನುತ್ತಿದ್ದರು ನನಗೆ ಕೆಲಸ ಕಲಿಸಿದ ಅಣ್ಣ. ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅವರ ಬೆರಳುಗಳು ಅದರಿಂದ ಬಿರಿದಿದ್ದವು. ನನಗೆ ಮಾತ್ರ ಚಿಮಟ ಇಲ್ಲದೆ ಟ್ರೇಗೆ ಕೈ ಹಾಕಲು ಅವರು ಬಿಡಲೇ ಇಲ್ಲ.

ಆಗ ನಮ್ಮಲ್ಲಿದ್ದದ್ದು 120 ರೋಲಿನ ಯಾಷಿಕಾ. ಒಂದು ರೋಲಿಗೆ 12 ಚಿತ್ರ. ಹನ್ನೆರಡೇ ಇರುವುದರಿಂದ ಗುಂಡಿ ಒತ್ತುವ ಮುಂಚೆ ಮನುಷ್ಯನನ್ನು ಪೂರ್ತಿ ನೋಡುತ್ತಿದ್ದೆವು. ಶಾಲೆಯ ಗ್ರೂಪ್ ಫೋಟೊ ಎಂದರೆ ಬೆಳಿಗ್ಗೆಯೇ ತೆಗೆಯಬೇಕು. ನಡುಹಗಲಿನ ಬಿಸಿಲು ಕಣ್ಣಿನ ಗುಳಿಗೆ ನೆರಳು ಕೂರಿಸುತ್ತದೆ. ಸೂರ್ಯನಿಗೆ ನೇರ ಮುಖ ಮಾಡಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಅರವತ್ತು ಜನರಲ್ಲಿ ಯಾರಾದರೊಬ್ಬರು ರೆಪ್ಪೆ ಮುಚ್ಚೇ ಮುಚ್ಚುತ್ತಾರೆ, ಅದಕ್ಕೇ ಮೂರು ಸಲ ತೆಗೆಯುವುದು. ಇಲ್ಲಿರುವ ಎಷ್ಟೋ ಜನರನ್ನು ನಾನು ಹಾಗೆ ಮೂರು ಮೂರು ಸಲ ನಿಲ್ಲಿಸಿದ್ದೇನೆ.

ಇನ್ನು ರೀತಿಯ ಮಾತು. ಆ ಕಾಲದ ಸ್ಟುಡಿಯೋಗಳಲ್ಲಿ 'ಟಚಿಂಗ್' ಎಂಬುದಿತ್ತು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಕೆಲಸ ಮಾಡಿ ಮುಖದ ಕಲೆ, ಸುಕ್ಕು ಅಳಿಸುವುದು. ಗಿರಾಕಿಗಳೇ ಕೇಳಿ ಮಾಡಿಸುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಅವನ ಅಜ್ಜಿಯನ್ನು ಕರೆತಂದು "ಟಚಿಂಗ್ ಚೆನ್ನಾಗಿ ಮಾಡ್ಸಿ" ಎಂದು ಹೇಳಿ ಹೋದ. ಅವನು ಹೇಳಿದಂತೆ ಆಯಿತು. ಫೋಟೊ ನೋಡಿದ ಅಜ್ಜಿ, "ಇದು ಯಾರ್ಲಾ ಮಗ? ನನ್ನ ಸುಕ್ಕೆಲ್ಲ ಎಲ್ಲೋದೊ? ಎಪ್ಪತ್ತು ವರ್ಸ ಬಿಸ್ಲಲ್ಲಿ ನಾಟಿ ಹಾಕಿರೋ ಮಖ ಕಣಪ್ಪ ಇದು" ಎಂದು ನಕ್ಕರು. ಮೊಮ್ಮಗನಿಗೆ ಆ ಪ್ರಿಂಟ್ ಕೊಟ್ಟು, ಟಚಿಂಗ್ ಇಲ್ಲದ ಇನ್ನೊಂದನ್ನು ಅಜ್ಜಿಗೆ ಹಾಕಿಕೊಟ್ಟೆ. ಅವರು ತಮ್ಮ ದುಡ್ಡು ಕೊಟ್ಟು ಒಯ್ದದ್ದು ಅದನ್ನು.

ಅದೇ ಸಮಯದಲ್ಲಿ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ಹುಡುಕಿ ನೋಡತೊಡಗಿದೆ. ಅವರು ನಮ್ಮ ಪಕ್ಕದ ಮೈಸೂರಿನವರು. 1923ರಲ್ಲಿ ಹುಟ್ಟಿದವರು, ಬನುಮಯ್ಯ ಶಾಲೆಯಲ್ಲಿ, ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಆಗತಾನೆ ಶುರುವಾಗಿದ್ದ ಡೆಕ್ಕನ್ ಹೆರಾಲ್ಡ್ ಸೇರಿದರು. ಮುಂದೆ ಅಮೆರಿಕದ ಲೈಫ್ ಪತ್ರಿಕೆಯವರೆಗೆ ಅವರ ಚಿತ್ರ ಹೋಯಿತು. 1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ಪ್ರಧಾನಿಗಳನ್ನೂ ತೆಗೆದಿದ್ದಾರೆ. ಆದರೆ ಜನ ನೆನಪಿಟ್ಟುಕೊಂಡಿರುವುದು ಅವರು ತೆಗೆದ ಬೀದಿಯ ಮಕ್ಕಳನ್ನು, ದುಡಿಯುವವರನ್ನು, ಹಳ್ಳಿಯ ಮುಖಗಳನ್ನು. ಬಹುಪಾಲು ಕಪ್ಪು ಬಿಳುಪು, ಇದ್ದ ಬೆಳಕು, ಆಡಂಬರವಿಲ್ಲ. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಾನು ಅವರನ್ನು ಭೇಟಿ ಮಾಡಿದವನಲ್ಲ. ಆದರೆ ನಮ್ಮ ಅಜ್ಜಿಯ ಸುಕ್ಕಿಗೂ ಪತ್ರಿಕೆಯಲ್ಲಿ ಜಾಗವಿದೆ ಎಂದು ನನಗೆ ಗೊತ್ತಾದದ್ದು ಅವರಿಂದ. ಅಂದಿನಿಂದ ಯಾರನ್ನು ತೆಗೆಯುವುದಿದ್ದರೂ ಮೊದಲು ಬಾಗಿಲು ಕಿಟಕಿ ಎಲ್ಲಿದೆ ನೋಡುತ್ತೇನೆ. ಜಗಲಿಯ ಮೇಲೆ ಕೂರಿಸಿದರೆ ಮುಖದ ಒಂದು ಪಕ್ಕಕ್ಕೆ ಬೀಳುವ ಬೆಳಕು ನನ್ನ ಎರಡು ಫ್ಲಾಶ್‌ಗಿಂತ ಚೆನ್ನಾಗಿರುತ್ತದೆ.

ಈಗ ಕಷ್ಟದ ಮಾತು. ನಮ್ಮ ಕಸುಬಿನಲ್ಲಿ ಮದುವೆಯ ದುಡ್ಡು ಕಾಣುತ್ತದೆ, ಮೈಗೆ ಆಗುವುದು ಕಾಣುವುದಿಲ್ಲ. ರಾತ್ರಿ ಆರತಕ್ಷತೆ, ಬೆಳಗಿನ ಜಾವ ಧಾರೆ, ಮಾರನೆಯ ದಿನ ಬೀಗರ ಊಟ. ಒಂದೇ ಭುಜಕ್ಕೆ ಬ್ಯಾಗು, ಕೊನೆಯ ಪಂಕ್ತಿಯಲ್ಲಿ ಊಟ, ನಿದ್ದೆಗೆ ಲೆಕ್ಕವಿಲ್ಲ. ನಲವತ್ತೈದಕ್ಕೆ ನನಗೆ ಸಕ್ಕರೆ ಕಾಯಿಲೆ, ಸೊಂಟ ನೋವು ಎರಡೂ ಬಂದವು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ಪಾಸ್‌ಪೋರ್ಟ್ ಫೋಟೊ ಬಿಟ್ಟರೆ ಅಂಗಡಿಗೆ ಜನ ಬರುವುದು ಕಡಿಮೆಯಾಯಿತು. ನಮ್ಮ ರಸ್ತೆಯಲ್ಲಿ ಸ್ಟುಡಿಯೋಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು.

ಆದರೆ ಒಂದು ಕೆಲಸಕ್ಕೆ ಮಾತ್ರ ಜನ ತಪ್ಪದೆ ಬರುತ್ತಿದ್ದರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಹಾರ ಹಾಕಲು ದೊಡ್ಡ ಫೋಟೊ ಬೇಕು. ಎಷ್ಟೋ ಮನೆಗಳಲ್ಲಿ ಹೋದವರದು ಒಂದು ಫೋಟೊವೂ ಇರುತ್ತಿರಲಿಲ್ಲ. ಮತದಾರರ ಗುರುತಿನ ಚೀಟಿ ತರುತ್ತಿದ್ದರು. ಮದುವೆ ಗುಂಪಿನಲ್ಲಿ ಹಿಂದೆ ನಿಂತ ಒಂದು ತಲೆಯನ್ನು ಬೆರಳಿಟ್ಟು ತೋರಿಸುತ್ತಿದ್ದರು. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಸಾವುಗಳು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದವು, ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಉಗುರಿನಷ್ಟಗಲದ ಮುಖಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತಾ ಕೂತಿರುತ್ತಿದ್ದೆ. ಕೆಲವರು ನನ್ನ ವಯಸ್ಸಿನವರು. ನನಗೂ ಸಾಲವಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಅದೇ ಮುಖಗಳು ಬರುತ್ತಿದ್ದವು. ಊಟ ಸೇರುತ್ತಿರಲಿಲ್ಲ, ಯಾರ ಜೊತೆಯೂ ಮಾತು ಬೇಡವೆನ್ನಿಸುತ್ತಿತ್ತು.

ಮೊದಲು ಗಮನಿಸಿದ್ದು ನನ್ನ ಹೆಂಡತಿ. "ಸಕ್ಕರೆ ತೋರ್ಸೋಕೆ ಆಸ್ಪತ್ರೆಗೆ ಹೋಯ್ತೀರಲ್ಲ, ಇದನ್ನೂ ಒಂದು ಮಾತು ಕೇಳಿ" ಎಂದು ಜೊತೆಗೇ ಬಂದಳು. ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಇದೂ ಒಂದು ಕಾಯಿಲೆ, ವಾಸಿಯಾಗುತ್ತದೆ ಎಂದರು. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ದಿನಾ ನಡೆಯಲು ಹೇಳಿದರು. ಇದನ್ನು ಇಷ್ಟು ಜನರ ಮುಂದೆ ಏಕೆ ಹೇಳುತ್ತಿದ್ದೇನೆಂದರೆ, ನಮ್ಮ ಕಡೆ ಗಂಡಸರು ಹೇಳುವುದಿಲ್ಲ. ಈಗ 14416 ಎಂಬ ಉಚಿತ ದೂರವಾಣಿ ಇದೆ. ಟೆಲಿ ಮಾನಸ್ ಎಂದು ಹೆಸರು, 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ, ಈ ನಂಬರನ್ನು ಇವತ್ತೇ ಮನೆಯ ಗೋಡೆಯ ಮೇಲೆ ಬರೆಯಿರಿ.

ನಡೆಯಲು ಹೇಳಿದ್ದರಿಂದ ಒಂದು ಭಾನುವಾರ ಕ್ಯಾಮೆರಾ ಹಿಡಿದು ಕೊಕ್ಕರೆ ಬೆಳ್ಳೂರಿಗೆ ಹೋದೆ. ನಮ್ಮ ಮದ್ದೂರು ತಾಲ್ಲೂಕಿನದೇ ಊರು, ಕೆಲಸವಿಲ್ಲದೆ ಅಲ್ಲಿಗೆ ಹೋದದ್ದು ಅದೇ ಮೊದಲು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ ಅಲ್ಲಿನವರು. ಯಾರೂ ಓಡಿಸುವುದಿಲ್ಲ. ಹಕ್ಕಿಗೆ "ಈ ಕಡೆ ನೋಡಿ" ಅನ್ನುವಂತಿಲ್ಲ. ಗೂಡಿನ ಹತ್ತಿರ ಹೋಗಬಾರದು, ಫ್ಲಾಶ್ ಹಾಕಬಾರದು, ಮರಿ ಗಾಬರಿಯಾಗಿ ಬೀಳಬಹುದು. ಸುಮ್ಮನೆ ದೂರದಲ್ಲಿ ಕೂರಬೇಕು. ಆ ದಿನ ಎರಡು ಗಂಟೆ ಕೂತು ಹನ್ನೊಂದು ಚಿತ್ರ ತೆಗೆದೆ. ರಾತ್ರಿ ನಿದ್ದೆ ಬಂತು. ಈಗಲೂ ಜನವರಿಯಿಂದ ಬೇಸಿಗೆಯವರೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಆ ಚಿತ್ರಗಳನ್ನು ಮಾರುವುದಿಲ್ಲ.

ಚೇತರಿಸಿಕೊಂಡ ಮೇಲೆ ಎರಡು ತೀರ್ಮಾನ ಮಾಡಿದೆ. ಮದುವೆ ಕೆಲಸ ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಇನ್ನೊಂದು, ಮಳವಳ್ಳಿ, ಮದ್ದೂರು ತಾಲ್ಲೂಕಿನ ಹಳ್ಳಿಗಳಿಗೆ ಬಿಡುವಿದ್ದಾಗ ಹೋಗಿ, ಬದುಕಿರುವ ಹಿರಿಯರ ಫೋಟೊ ತೆಗೆಯುತ್ತೇನೆ. ಅವರ ಜಗಲಿ, ಅವರ ಬಟ್ಟೆ, ಅವರ ಸುಕ್ಕು. ಪ್ರಿಂಟಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಮೊದಲು "ಹಾರ ಹಾಕೋಕೆ ಈಗ್ಲೇ ರೆಡಿ ಮಾಡ್ತಿದ್ಯೇನಪ್ಪ" ಎಂದು ತಮಾಷೆ ಮಾಡುತ್ತಿದ್ದರು. ಈಗ ಗಂಡ ಹೆಂಡತಿ ಜೊತೆಯಾಗಿ ಬಂದು ಕೂರುತ್ತಾರೆ. ಐವತ್ತು ವರ್ಷ ಸಂಸಾರ ಮಾಡಿ ಒಟ್ಟಿಗೆ ಒಂದೂ ಫೋಟೊ ಇಲ್ಲದವರು ಎಷ್ಟೋ ಜನ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಈ ಶಾಲೆಯ ಹಳೆಯ ಗ್ರೂಪ್ ಫೋಟೊ ಇದ್ದರೆ ತನ್ನಿ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಡಿಸಲಾಗುವುದಿಲ್ಲ. ಅಂಟು ಹಾಳೆಯ ಆಲ್ಬಂನಿಂದ ಕಿತ್ತು ತೆಗೆಯಬೇಡಿ, ಆಲ್ಬಂ ಸಮೇತ ತನ್ನಿ. ದುಡ್ಡಿಲ್ಲದೆ ಸ್ಕ್ಯಾನ್ ಮಾಡಿ ಅಂದೇ ವಾಪಸ್ ಕೊಡುತ್ತೇನೆ, ಒಂದು ಪ್ರತಿ ಶಾಲೆಗೆ. ಮಕ್ಕಳೇ, ನಿಮಗೂ ಕೆಲಸವಿದೆ. ಹಿರಿಯರ ಪಕ್ಕದಲ್ಲಿ ಕೂತು, ಪ್ರತಿ ಸಾಲಿನಲ್ಲಿ ಯಾರು ಯಾರು ನಿಂತಿದ್ದಾರೆ ಎಂದು ಕೇಳಿ, ಹೆಸರು ಬರೆದುಕೊಳ್ಳಿ. ಮೂಲ ಫೋಟೊದ ಹಿಂಬದಿಗೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ, ಬಾಲ್ ಪೆನ್ನು ಮುಂಬದಿಗೆ ಗೀರು ಮೂಡಿಸುತ್ತದೆ. ಹಿಂದಿನ ಸಾಲಿನವರ ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಈ ವರ್ಷವೇ ಮುಗಿಸೋಣ.

ಊಟಕ್ಕೆ ಮೊದಲು ಎಲ್ಲರೂ ಬೇವಿನ ಮರದ ನೆರಳಿಗೆ ಬನ್ನಿ. ಗುರುಗಳಿಗೆ ಕುರ್ಚಿ ಹಾಕಿಸಿದ್ದೇನೆ. ಎತ್ತರದವರು ಹಿಂದೆ ನಿಲ್ಲಿ. ಮೂರು ಸಲ ತೆಗೆಯುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.