ಎಲುಬಿಲ್ಲದೆ ನಿಂತ ಅಡಿಕೆ ಮರ

ಚನ್ನಗಿರಿಯ ಕಡೆಯ ಅಡಿಕೆ ತೋಟದಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೆ ಒಂದು ಪ್ರಶ್ನೆ ಹೊಳೆಯದೆ ಇರದು. ಎರಡು ಕೈಗಳ ಹಿಡಿತಕ್ಕೆ ಸಿಗುವಷ್ಟು ಸಣ್ಣ ಕಾಂಡ. ಅದರ ತುದಿಯಲ್ಲಿ ಸೋಗೆಗಳ ಹೊರೆ, ಗೊನೆಗಳ ಭಾರ. ಗಾಳಿ ಬೀಸಿದರೆ ಬಾಗುತ್ತದೆ, ಗಾಳಿ ನಿಂತರೆ ನೆಟ್ಟಗಾಗುತ್ತದೆ. ಅದೇ ತೋಟದ ಬದುವಿನಲ್ಲಿ ಮೇಯುವ ಹಸುವನ್ನು ನಿಲ್ಲಿಸಲು ಎಲುಬಿನ ಹಂದರವಿದೆ. ಎಲುಬಿಲ್ಲದ ಮರ ಯಾವ ಬಲದಿಂದ ನಿಂತಿತು?

ಹಸುವೂ ಮರವೂ ಜೀವಕೋಶಗಳಿಂದಲೇ ಆದವು. ಎರಡರ ಕೋಶಗಳಿಗೂ ತೆಳುವಾದ ಪೊರೆಯುಂಟು, ಒಳಗೆ ಜೀವರಸವುಂಟು, ಕೋಶಕೇಂದ್ರವುಂಟು. ಗಿಡದ ಹಸುರು ಕೋಶಗಳಲ್ಲಿ ಬಿಸಿಲಿನ ನೆರವಿನಿಂದ ಆಹಾರ ಮಾಡುವ ಪತ್ರಹರಿತ್ತಿನ ಕಣಗಳಿವೆ. ಹಸುವಿಗೆ ಅವಿಲ್ಲ, ಅದಕ್ಕೇ ಅದು ಮೇಯಬೇಕು. ಆದರೆ ನಿಲ್ಲುವ ವಿಚಾರಕ್ಕೆ ಬಂದರೆ ಮುಖ್ಯವಾದ ಭೇದಗಳು ಎರಡೇ.

‘ಕೋಶ’ ಎಂಬ ಮಾತಿಗೆ ಕತ್ತಿಯ ಒರೆ ಎಂದೂ ಅರ್ಥವಿದೆ, ಬೊಕ್ಕಸ ಎಂದೂ ಅರ್ಥವಿದೆ. ಗಿಡದ ಕೋಶಕ್ಕೆ ಈ ಎರಡು ಅರ್ಥಗಳೂ ಸಲ್ಲುತ್ತವೆ.

ಮೊದಲು ಒರೆಯನ್ನು ನೋಡೋಣ. ಗಿಡದ ಕೋಶದ ಪೊರೆಯ ಹೊರಗೆ ಗಟ್ಟಿಯಾದ ಗೋಡೆಯೊಂದಿದೆ, ಅದೇ ಕೋಶಭಿತ್ತಿ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಸಂಗತಿಗಳನ್ನು ಗ್ರಂಥವಾಗಿ ಪ್ರಕಟಿಸಿದಾಗ ‘ಕೋಶ’ವೆಂದು ಹೆಸರಿಟ್ಟದ್ದು ಬಿರಡೆಯ ಬೆಂಡಿನಲ್ಲಿದ್ದ ಬರಿದಾದ ಗೋಡೆಗಳಿಗೇ. ಒಳಗಿನ ಜೀವ ಹೋಗಿದ್ದರೂ ಗೋಡೆ ಉಳಿದಿತ್ತು! ಈ ಗೋಡೆಯ ಮುಖ್ಯ ಸಾಮಗ್ರಿ ಸೆಲ್ಯುಲೋಸ್. ಒಂದು ಕಾಲಕ್ಕೆ ದಾವಣಗೆರೆಯ ಗಿರಣಿಗಳಲ್ಲಿ ನೂಲಾಗುತ್ತಿದ್ದ ಹತ್ತಿಯೂ ಬಹುಪಾಲು ಇದೇ.

ಇನ್ನು ಬೊಕ್ಕಸ. ಬಲಿತ ಕೋಶದೊಳಗೆ ನೀರು ತುಂಬಿದ ದೊಡ್ಡ ರಸದಾನಿಯಿದೆ. ಎಷ್ಟೋ ಕೋಶಗಳಲ್ಲಿ ನೂರಕ್ಕೆ 80–90 ಪಾಲು ಜಾಗ ಅದರದೇ. ನೀರು ಒಳಗಿನಿಂದ ಒತ್ತುತ್ತದೆ, ಗೋಡೆ ಹೊರಗಿನಿಂದ ತಡೆಯುತ್ತದೆ. ಈ ಒತ್ತಡ ಹಲವು ವೇಳೆ ಕಾರಿನ ಚಕ್ರದ ಗಾಳಿಗಿಂತಲೂ ಹೆಚ್ಚು. ಎಳೆಯ ಕುಡಿ, ಎಲೆ ಬಿಗಿಯಾಗಿ ನಿಲ್ಲುವುದು ಇದರಿಂದಲೇ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಡಿ. ನೀರು ಹೊರಬಂದು ಹೋಳು ಮೆತ್ತಗಾಗುತ್ತದೆ. ಗೋಡೆ ಇದ್ದಂತೆಯೇ ಇದೆ, ಒಳಗಿನ ಒತ್ತಡ ಹೋಯಿತು.

ಹಸುವಿನ ಕೋಶಕ್ಕೆ ಈ ಗೋಡೆಯಿಲ್ಲ. ರಕ್ತದ ಕೆಂಪು ಕಣವನ್ನು ಬರಿಯ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. ವೈದ್ಯರು ರಕ್ತನಾಳಕ್ಕೆ ಬರಿಯ ನೀರನ್ನು ಏರಿಸದೆ ಉಪ್ಪನ್ನೋ ಸಕ್ಕರೆಯನ್ನೋ ಬೆರೆಸಿದ ದ್ರವವನ್ನು ಏರಿಸುವುದು ಈ ಕಾರಣದಿಂದ. ಗೋಡೆಯಿಲ್ಲದ್ದರಿಂದಲೇ ಪ್ರಾಣಿಯ ಸ್ನಾಯು ಕುಗ್ಗಬಲ್ಲದು, ಹಿಗ್ಗಬಲ್ಲದು, ಪ್ರಾಣಿ ನಡೆಯಬಲ್ಲದು. ಆಸರೆಯ ಭಾರವನ್ನು ಎಲುಬು ಹೊತ್ತಿದೆ.

ಹೊನ್ನಾಳಿ, ನ್ಯಾಮತಿಗಳ ಹೊಳೆಸಾಲಿನ ಗದ್ದೆಗೆ ನೀರಿನ ಆಸರೆಯುಂಟು. ಮಳೆಯನ್ನೇ ನೆಚ್ಚಿದ ಜಗಳೂರಿನ ಹೊಲದಲ್ಲಿ ಮೆಕ್ಕೆಜೋಳದ ಗರಿ ಮಧ್ಯಾಹ್ನ ಸುರುಳಿ ಸುತ್ತಿದ್ದನ್ನು ಕಂಡು ರೈತ ಕೂಡಲೇ ಎದೆಗೆಡಬೇಕಾಗಿಲ್ಲ. ಬೇರು ಹೀರಿದ ನೀರಿಗಿಂತ ಎಲೆಯಿಂದ ಆವಿಯಾದದ್ದು ಹೆಚ್ಚಾಗಿದೆ, ಅಷ್ಟೆ. ಇರುಳು ಕಳೆದು ಬೆಳಗಾದರೂ ಗರಿ ಬಿಚ್ಚದಿದ್ದರೆ ಮಣ್ಣಿನಲ್ಲಿ ನೀರು ತೀರುತ್ತಿದೆಯೆಂದು ತಿಳಿಯಬೇಕು.

ಅಡಿಕೆ ಮರದಂಥ ಎತ್ತರಕ್ಕೆ ನೀರಿನ ಬಿಗಿಯೊಂದೇ ಸಾಲದು. ಅಲ್ಲಿ ನಾರಿನ ಕೋಶಗಳ ಗೋಡೆಗಳು ದಪ್ಪವಾಗಿ, ಲಿಗ್ನಿನ್ ಎಂಬ ವಸ್ತು ಸೇರಿ, ಮರದಷ್ಟು ಗಡುಸಾಗುತ್ತವೆ. ಈ ನಾರು ಕಾಂಡದ ಅಂಚಿನಲ್ಲಿ ಒತ್ತಾಗಿದೆ, ನಡುವೆ ವಿರಳ. ಅಡಿಕೆ ದಬ್ಬೆ ಸೀಳಿದವರಿಗೆ ಇದು ಗೊತ್ತು: ಹೊರಗೆ ಕಬ್ಬಿಣ, ಒಳಗೆ ಮೆದು.

ಮುರಿದ ಎಲುಬು ಕೂಡೀತು. ಅದರೊಳಗೆ ಹೊಸ ಎಲುಬನ್ನು ಕಟ್ಟುವ ಜೀವಕೋಶಗಳಿವೆ. ಮಾವು, ಬೇವುಗಳೂ ಗಾಯದ ಮೇಲೆ ಹೊಸ ತೊಗಟೆ ಬೆಳೆಸಿಯಾವು. ಅಡಿಕೆಯ ಕಾಂಡಕ್ಕೆ ಹಾಗೆ ಸುತ್ತಲೂ ಹೊಸದನ್ನು ಬೆಳೆಸುವ ಕೋಶಗಳ ಪದರವಿಲ್ಲ. ಅದರ ಗಾಯ ಕಡೆಯವರೆಗೂ ಗಾಯವೇ. ಪಡುವಣದ ಬಿಸಿಲು ನೇರವಾಗಿ ಹೊಡೆದ ಕಾಂಡ ಸುಟ್ಟು ಬಿರಿಯುತ್ತದೆ. ಆಸರೆಯೆಲ್ಲ ಅಂಚಿನಲ್ಲೇ ಇರುವುದರಿಂದ ಮುಂದೊಂದು ದಿನ ಗಾಳಿಗೆ ಅಲ್ಲಿಯೇ ಮುರಿಯುತ್ತದೆ.

ಆದುದರಿಂದ ತೋಟದ ತೆಂಕಣ, ಪಡುವಣ ಅಂಚಿನಲ್ಲಿ ನೆರಳಿನ ಮರ ಬೆಳೆಸುವುದು, ಬಿಸಿಲು ಬೀಳುವ ಕಾಂಡಕ್ಕೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವುದು ಕೇವಲ ಹಿರಿಯರ ರೂಢಿಯಲ್ಲ. ಎಲುಬಿಲ್ಲದ ಮರಕ್ಕೆ ಗೋಡೆಯೇ ಎಲುಬು. ಒಮ್ಮೆ ಕೆಟ್ಟರೆ ಅದನ್ನು ಮತ್ತೆ ಕಟ್ಟುವವರಿಲ್ಲ. ಕೆಡದಂತೆ ಕಾಯುವುದಷ್ಟೇ ನಮ್ಮ ಕೈಯಲ್ಲಿದೆ.