ಸೇನೆಗೆ ಒಂದು ದಾರಿ, ರೈತನಿಗೆ ಇಡೀ ಹೊಲ



ಶ್ರೀಲಂಕಾದ ಉತ್ತರ ತುದಿಯಲ್ಲಿರುವ ಜಾಫ್ನಾವನ್ನು ದ್ವೀಪದ ಉಳಿದ ಭಾಗಕ್ಕೆ ಜೋಡಿಸುವುದು ಒಂದು ಕಿರಿದಾದ ನೆಲದ ಪಟ್ಟಿ. ಅಲ್ಲಿ, ಎ-9 ಹೆದ್ದಾರಿಯ ಮಗ್ಗುಲಲ್ಲಿ ಮುಹಮಾಲೈ ಎಂಬ ಊರಿದೆ. ಮರಳು ಬೆರೆತ ಮಣ್ಣು, ತೆಂಗು, ತಾಟಿನಿಂಗು ಬಿಡುವ ತಾಳೆಮರಗಳು. ಲಂಕಾ ಸೇನೆಗೂ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಗೂ ನಡುವಿನ ರಣರೇಖೆ ವರ್ಷಗಟ್ಟಲೆ ಈ ಊರಿನ ಮೇಲೆಯೇ ಹಾದುಹೋಗಿತ್ತು. ಎರಡೂ ಕಡೆಯವರು ಸಾಲುಸಾಲಾಗಿ ನೆಲಬಾಂಬು ಹೂಳಿದರು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಬಂದೂಕುಗಳು ಸುಮ್ಮನಾದವು. ನೆಲದೊಳಗಿನ ಬಾಂಬುಗಳಿಗೆ ಮಾತ್ರ ಯಾರೂ ಕದನವಿರಾಮದ ಸುದ್ದಿ ಮುಟ್ಟಿಸಲಿಲ್ಲ.

ನೆಲಬಾಂಬಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಟ್ಯಾಂಕುಗಳನ್ನು ಒಡೆಯಲು ಇಡುವಂಥದ್ದು. ಅದರ ಮೇಲೆ ದೊಡ್ಡ ಭಾರವೇ ಬೀಳಬೇಕು. ಹಾಗೆಂದು ರೈತನಿಗೆ ಅಪಾಯ ತಪ್ಪಿದ್ದಲ್ಲ, ಟ್ರ್ಯಾಕ್ಟರಿನ ಭಾರ ಅದಕ್ಕೆ ಸಾಕು. ಇನ್ನೊಂದು, ಮನುಷ್ಯರಿಗೆಂದೇ ಮಾಡಿದ್ದು. ಇದಕ್ಕೆ ಕೆಲವು ಕಿಲೋ ಒತ್ತಡ ಬಿದ್ದರೆ ಮುಗಿಯಿತು, ಮಗುವಿನ ಹೆಜ್ಜೆಯೂ ಸಾಕು. ಗಾತ್ರದಲ್ಲಿ ಬೂಟ್ ಪಾಲಿಶ್ ಡಬ್ಬಿಯಷ್ಟಿರುತ್ತದೆ. ಹಲವಕ್ಕೆ ಮೈಯೆಲ್ಲ ಪ್ಲಾಸ್ಟಿಕ್, ಒಳಗೆ ಚೂರು ಲೋಹ. ಎಲ್‌ಟಿಟಿಇಯವರು ಮರದ ಪೆಟ್ಟಿಗೆಯಲ್ಲೇ ಸ್ಫೋಟಕ ತುಂಬಿ ‘ಜಾನಿ’ ಎಂಬ ನೆಲಬಾಂಬು ತಯಾರಿಸಿದ್ದರು. ಪ್ಲಾಸ್ಟಿಕ್ಕಿನ ಬಾಂಬು ಮಣ್ಣಿನಲ್ಲಿ ಹತ್ತಾರು ವರ್ಷ ಕೆಡದೆ ಕಾಯುತ್ತದೆ. ಮಳೆಗಾಲದ ನೆರೆಯಲ್ಲಿ ಮಣ್ಣಿನೊಂದಿಗೆ ಹರಿದು, ನಿನ್ನೆ ಇಲ್ಲದ ಕಡೆ ಇಂದು ಇರಲೂಬಹುದು.

ಇಂಥದ್ದರ ಮೇಲೆ ಕಾಲಿಟ್ಟರೆ ಪಾದವಂತೂ ಹೋಗುತ್ತದೆ. ಸ್ಫೋಟದ ಒತ್ತಡಕ್ಕೆ ಮಣ್ಣು, ಹುಲ್ಲು, ಚಪ್ಪಲಿಯ ಚೂರು, ಮೂಳೆಯ ಚೂರು ಎಲ್ಲವೂ ಮೇಲ್ಮುಖವಾಗಿ ಮಾಂಸಖಂಡದೊಳಗೆ ನುಗ್ಗುತ್ತವೆ. ಕೊಳೆಯುವುದನ್ನು ತಡೆಯಲು ವೈದ್ಯರು ಕಣ್ಣಿಗೆ ಕಾಣುವ ಗಾಯಕ್ಕಿಂತ ಮೇಲೆ ಕಾಲು ಕತ್ತರಿಸಬೇಕಾಗುತ್ತದೆ. ಸೌದೆಗೆ ಹೋದವರು, ದನ ಮೇಯಿಸುವವರು, ಬೇಲಿ ಕಟ್ಟುವವರು, ಆಟಕ್ಕೆ ಹೋದ ಮಕ್ಕಳು: ಯುದ್ಧ ಮುಗಿದ ಮೇಲೆ ಬಲಿಯಾಗುವವರು ಇವರೇ.

ಕಾಲಿನ ಗಾಯ ಎಲ್ಲರಿಗೂ ಕಾಣುತ್ತದೆ. ಹೊಲಕ್ಕೆ ಆಗುವ ಗಾಯ ಕಾಣುವುದಿಲ್ಲ. ಒಂದು ಎಕರೆಯಲ್ಲಿ ಒಂದೇ ಒಂದು ಬಾಂಬು ಇರಬಹುದೆಂಬ ಅನುಮಾನ ಹುಟ್ಟಿದರೂ ಸಾಕು, ಆ ಎಕರೆ ಪೂರ್ತಿ ಕೈಬಿಟ್ಟಂತೆ. ಉಳುವವರಿಲ್ಲ, ಬಾವಿಗೆ ಹೋಗುವವರಿಲ್ಲ, ತೆಂಗಿನಕಾಯಿ ಬಿದ್ದರೆ ಹೆಕ್ಕುವವರಿಲ್ಲ. ಪಹಣಿಯಲ್ಲಿ ಹೆಸರಿರುವ ಜಮೀನಿನ ಒಡೆಯ ನಿರಾಶ್ರಿತರ ಶಿಬಿರದಲ್ಲಿ ಕೂಲಿ ಹುಡುಕುತ್ತಾನೆ.

ನೆಲಬಾಂಬು ತೆರವುಗೊಳಿಸುವ ಕಥೆಯಲ್ಲಿ ನಮ್ಮ ಬೆಂಗಳೂರಿನ ಹೆಸರೂ ಬರುತ್ತದೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಒಂದು ಸಾಧನ ರೂಪಿಸಿದ. ಉದ್ದನೆಯ ಕೊಳವೆಗಳಲ್ಲಿ ಸ್ಫೋಟಕ ತುಂಬಿ, ಒಂದಕ್ಕೊಂದು ಸೇರಿಸಿ, ದೂರದಿಂದಲೇ ಮುಂದಕ್ಕೆ ತಳ್ಳಿ ಸಿಡಿಸುವುದು. ಮುಳ್ಳುತಂತಿ ಹರಿದು ದಾರಿಯಾಗುತ್ತದೆ. ಮುಂದೆ ನೆಲಬಾಂಬಿನ ಬಯಲಿನಲ್ಲಿ ದಾರಿ ಬಿಡಿಸಲೂ ಅದು ಬಳಕೆಗೆ ಬಂತು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕರ ಕೈಯಲ್ಲೂ ಅದಿತ್ತು. ಜಗತ್ತಿನ ಸೇನೆಗಳು ಅದನ್ನು ಇವತ್ತಿಗೂ ‘ಬ್ಯಾಂಗಲೋರ್ ಟಾರ್ಪೆಡೊ’ ಎಂದೇ ಕರೆಯುತ್ತವೆ.

ಆದರೆ ಈ ಸಾಧನ ರೈತನ ಕೆಲಸಕ್ಕೆ ಬಾರದು. ದಾಳಿ ಮಾಡುವ ಸೇನೆಗೆ ದಾಟಿಹೋಗಲು ಒಂದು ಓಣಿ ಸಿಕ್ಕರೆ ಸಾಕು. ಅಕ್ಕಪಕ್ಕದಲ್ಲಿ ಬಾಂಬು ಉಳಿದರೂ ಅದಕ್ಕೆ ಚಿಂತೆಯಿಲ್ಲ. ರೈತ ಹೊಲದ ಮೂಲೆಮೂಲೆಗೂ ನೇಗಿಲು ಹಾಯಿಸಬೇಕು. ನೂರರಲ್ಲಿ ತೊಂಬತ್ತೊಂಬತ್ತು ಬಾಂಬು ತೆಗೆದರೂ ಉಳಿದ ಒಂದು ಅವನ ಪಾಲಿಗೆ ನೂರಕ್ಕೆ ಸಮ. ಆದ್ದರಿಂದ ಹೊಲದ ನೆಲಬಾಂಬು ತೆಗೆಯುವ ಕೆಲಸ ನಿಧಾನದ್ದು.

ಬಾಂಬು ತೆಗೆಯುವವರು ಮೊದಲು ಊರವರನ್ನು ವಿಚಾರಿಸುತ್ತಾರೆ. ಎಲ್ಲಿ ದನ ಸತ್ತಿತು, ಎಲ್ಲಿ ಕಂದಕವಿತ್ತು, ಯಾವ ಬದುವಿನ ಆಚೆ ಸೈನಿಕರು ಯಾರನ್ನೂ ಬಿಡುತ್ತಿರಲಿಲ್ಲ, ಇದೆಲ್ಲ ದನಗಾಹಿಗಳಿಗೆ ಗೊತ್ತಿರುತ್ತದೆ. ಸೇನೆಯ ನಕ್ಷೆ ಸಿಕ್ಕರೆ ಅರ್ಧ ಕೆಲಸ ಹಗುರ. ಆಮೇಲೆ ಅಪಾಯದ ಜಾಗಕ್ಕೆ ಕೆಂಪು ಗುರುತು ನೆಟ್ಟು, ಸುಮಾರು ಒಂದು ಮೀಟರ್ ಅಗಲದ ಪಟ್ಟಿಗಳಾಗಿ ವಿಂಗಡಿಸುತ್ತಾರೆ. ಮುಖಕ್ಕೆ ದಪ್ಪ ಪಾರದರ್ಶಕ ಕವಚ, ಮೈಗೆ ರಕ್ಷಾಕವಚ ತೊಟ್ಟು, ಒಂದು ಪಟ್ಟಿಗೆ ಒಬ್ಬರಂತೆ ಕೆಲಸಕ್ಕೆ ಇಳಿಯುತ್ತಾರೆ. ಮುಹಮಾಲೈಯಲ್ಲಿ ಹೀಗೆ ಇಳಿಯುವವರಲ್ಲಿ ಅದೇ ಸೀಮೆಯ ತಮಿಳು ಹೆಂಗಸರು ಬಹಳ ಮಂದಿ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಸಂಸಾರ ಹೊತ್ತವರೂ ಅವರಲ್ಲಿದ್ದಾರೆ.

ಲೋಹಶೋಧಕ ಇದೆಯಲ್ಲ, ಅದನ್ನು ಆಡಿಸಿದರಾಯಿತು ಎನ್ನಬಹುದು. ರಣರಂಗದ ಮಣ್ಣಿನಲ್ಲಿ ಗುಂಡಿನ ಚೂರು, ಶೆಲ್ಲಿನ ಚೂರು, ತಂತಿಯ ತುಂಡು ತುಂಬಿಕೊಂಡಿರುತ್ತವೆ. ಯಂತ್ರ ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಕೂಗಿದ ಪ್ರತಿ ಕಡೆಯೂ ಬಾಂಬೆಂದೇ ತಿಳಿದು ಬಗೆದು ನೋಡಬೇಕು. ಹಾಗಾಗಿ ಉತ್ತರ ಲಂಕೆಯ ಸಡಿಲ ಮಣ್ಣಿಗೆ ಒಗ್ಗುವ ಇನ್ನೊಂದು ವಿಧಾನವೂ ಬಳಕೆಗೆ ಬಂತು. ಉದ್ದ ಹಿಡಿಯ, ಕಬ್ಬಿಣದ ಹಲ್ಲುಗಳ ಕುಂಟೆಯಂಥ ಸಾಧನ ಹಿಡಿದು, ತೋಡಿದ ಅಂಚಿನಿಂದ ಮಣ್ಣನ್ನು ಸ್ವಲ್ಪಸ್ವಲ್ಪವೇ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಬಾಂಬಿಗೆ ಜೀವ ಬರುವುದು ನೆತ್ತಿಯ ಮೇಲೆ ಒತ್ತಿದಾಗ. ಆದ್ದರಿಂದ ಯಾವಾಗಲೂ ಪಕ್ಕದಿಂದ ಸಮೀಪಿಸಬೇಕು, ಮೇಲಿನಿಂದ ಒತ್ತಕೂಡದು. ಬಾಂಬಿನ ಅಂಚು ಕಂಡ ಕೂಡಲೇ ಕೈ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯುತ್ತಾರೆ. ಒಬ್ಬರು ದಿನವಿಡೀ ದುಡಿದರೂ ತೆರವಾಗುವುದು ಕೆಲವೇ ಚದರ ಮೀಟರ್.

ನೆಲಬಾಂಬೊಂದನ್ನು ತಯಾರಿಸಲು 3ರಿಂದ 30 ಡಾಲರ್, ತೆಗೆಯಲು 300ರಿಂದ 1,000 ಡಾಲರ್ ಎಂಬುದು ವಿಶ್ವಸಂಸ್ಥೆ ಹಿಂದಿನಿಂದ ಹೇಳುತ್ತ ಬಂದ ಅಂದಾಜು. ಹೂಳುವವರ ಖರ್ಚು ಚಿಲ್ಲರೆ, ತೆಗೆಯುವವರದು ದುಬಾರಿ.

ಕಾಲು ಕಳೆದುಕೊಂಡವರ ವಿಷಯದಲ್ಲಿ ನಮ್ಮ ದೇಶದ ಕೊಡುಗೆಯೊಂದನ್ನು ನೆನೆಯಬೇಕು. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ. ಕೆ. ಸೇಠಿ ರೂಪಿಸಿದ ‘ಜೈಪುರ ಕಾಲು’ ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರುಗದ್ದೆಗೂ ಇಳಿಯಬಹುದು. ಅದನ್ನು ಜೋಡಿಸಿಕೊಡುವ ಕೇಂದ್ರ ಜಾಫ್ನಾದಲ್ಲೂ ಇದೆ.

ಮನುಷ್ಯರಿಗೆಂದೇ ಮಾಡಿದ ನೆಲಬಾಂಬು ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ 1997ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು. ಅದಕ್ಕಾಗಿ ಹೋರಾಡಿದ ಸಂಘಟನೆಗೂ ಜೋಡಿ ವಿಲಿಯಮ್ಸ್ ಅವರಿಗೂ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಶ್ರೀಲಂಕಾ 2017ರಲ್ಲಿ ಈ ಒಪ್ಪಂದವನ್ನು ಸೇರಿತು. ಭಾರತ ಸೇರಿಲ್ಲ; ಉದ್ದನೆಯ ಗಡಿಯ ರಕ್ಷಣೆಗೆ ನೆಲಬಾಂಬು ಬೇಕು ಎಂಬುದು ನಮ್ಮ ವಾದ. ಆದರೆ ಬೆಲೆ ತೆತ್ತವರಲ್ಲಿ ನಮ್ಮ ರೈತರೂ ಇದ್ದಾರೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ರಾಜಸ್ಥಾನ, ಪಂಜಾಬ್, ಜಮ್ಮುವಿನ ಗಡಿ ಹೊಲಗಳಲ್ಲಿ ನಮ್ಮ ಸೇನೆ ನೆಲಬಾಂಬು ಇಟ್ಟಿತು. ಪಾಕಿಸ್ತಾನದೊಡನೆ ಯುದ್ಧ ನಡೆಯಲೇ ಇಲ್ಲ. ಆದರೂ ರೈತರು ಬೆಳೆ ಕಳೆದುಕೊಂಡರು, ಬಾಂಬು ತೆಗೆಯಹೋದ ಸೈನಿಕರು ಪ್ರಾಣ ಕಳೆದುಕೊಂಡರು. ರಷ್ಯಾದ ಭಯದಿಂದ ಪೋಲೆಂಡ್, ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು 2025ರಲ್ಲಿ ಒಪ್ಪಂದ ಬಿಡಲು ತೀರ್ಮಾನಿಸಿದವು. ಗಡಿಯ ಭಯ ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಆ ಭಯ ಕಳೆದ ಮೇಲೂ ಬಾಂಬು ಉಳಿಯುತ್ತದೆ ಎಂಬುದು ಲೆಕ್ಕಕ್ಕೆ ಬರಬೇಡವೇ?

ಬಾಂಬು ತೆಗೆಯುವುದು ಕೈಲಾಗದ ಕೆಲಸವೇನಲ್ಲ. ಮೊಜಾಂಬಿಕ್‌ನಲ್ಲಿ ಅಂತರ್ಯುದ್ಧ ನಿಂತದ್ದು 1992ರಲ್ಲಿ. ತನ್ನ ನೆಲ ಬಾಂಬುಮುಕ್ತವಾಯಿತೆಂದು ಆ ದೇಶ ಘೋಷಿಸಿದ್ದು 2015ರಲ್ಲಿ. ಹದಿನಾರು ವರ್ಷದ ಯುದ್ಧದ ಕಸ ಗುಡಿಸಲು ಇಪ್ಪತ್ಮೂರು ವರ್ಷ ಹಿಡಿಯಿತು. ಯುದ್ಧ ಬೇಕೆಂದು ಕೂಗುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.