ಪಟ್ಟಿ ಸೋಸುವ ಬಗೆ

(ಅಮ್ಮಿನಬಾವಿಯಲ್ಲಿ ಸ್ವಸಹಾಯ ಸಂಘಗಳ ಲೆಕ್ಕ ಬರೆಯುವವರಿಗೆ ನಡೆದ ಕಂಪ್ಯೂಟರ್ ತರಬೇತಿಯಲ್ಲಿ ಆಡಿದ ಮಾತು)



ಸೋಸುವುದು ಅಂದ್ರೆ ಏನು ಅಂತ ಅಮ್ಮಿನಬಾವಿಯವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು ಇಲ್ಲಿನ ಘಟಕದಲ್ಲಿ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಮನೆಯಲ್ಲಿ ನಮ್ಮ ತಾಯಂದಿರು ಸಾಣಿಗೆ ಹಿಡಿದು ಜೋಳ ಹಸನು ಮಾಡುತ್ತಾರೆ. ಇವತ್ತಿನ ಕೆಲಸವೂ ಅದೇ. ಸೋಸಬೇಕಾದದ್ದು ಹೆಸರುಗಳನ್ನು, ಸಾಣಿಗೆ ಪೈಥಾನ್.

ಪೈಥಾನ್ ಅಂದ ಕೂಡಲೇ ಹೆಬ್ಬಾವು ನೆನಪಾಗಿ ಕೆಲವರು ನಕ್ಕಿರಿ. ನಗಲಿಕ್ಕೆ ಅಡ್ಡಿಯಿಲ್ಲ. ಗೀಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆಗೆ ಹೆಸರು ಬಂದದ್ದು ಹಾವಿನಿಂದಲ್ಲ, ಇಂಗ್ಲೆಂಡಿನ ಒಂದು ಹಾಸ್ಯ ತಂಡದಿಂದ.

2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ತುಂಬಿದ ಬಡ ಹಿರಿಯರಿಗೆ ಮಾಸಾಶನವಿದೆ. ಮನೆಮನೆ ಪಟ್ಟಿಯಿಂದ ಅರ್ಜಿ ಹಾಕಬಹುದಾದವರನ್ನು ನಾವು ಆರಿಸಬೇಕು. ವರಮಾನ ಮೊದಲಾದ ಷರತ್ತುಗಳೂ ಇವೆ, ಈಗ ವಯಸ್ಸೊಂದನ್ನೇ ಹಿಡಿಯೋಣ. ಐದು ಜನರ ವಯಸ್ಸು ಹೀಗಿದೆ ಅಂತ ತಿಳಿಯಿರಿ:

ವಯಸ್ಸುಗಳು = [72, 64, 58, 65, 81]

ಹೊಸಬರಿಗೆ ಮೊದಲು ಹೊಳೆಯುವ ದಾರಿ, ಒಂದೊಂದಾಗಿ ನೋಡುತ್ತಾ 65ಕ್ಕಿಂತ ಕಡಿಮೆ ಇದ್ದದ್ದನ್ನು ಅದೇ ಪಟ್ಟಿಯಿಂದ ‘ರಿಮೂವ್’ ಮಾಡುವುದು. ಇಲ್ಲೇ ಮೋಸ ಇರೋದು ನೋಡ್ರಿ. 64ನ್ನು ತೆಗೆದ ಕೂಡಲೇ ಹಿಂದಿನವರೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತಾರೆ. 58 ಬಂದು 64ರ ಜಾಗದಲ್ಲಿ ಕೂತಿತು. ಆದರೆ ಕಂಪ್ಯೂಟರ್ ಆ ಜಾಗವನ್ನು ನೋಡಿ ಮುಗಿಸಿದೆ, ಅದು ಮುಂದಕ್ಕೆ ನಡೆಯುತ್ತದೆ. ಕೊನೆಗೆ ಉಳಿಯುವುದು 72, 58, 65, 81. ತಪ್ಪಾಯಿತು ಅಂತ ಪರದೆಯ ಮೇಲೆ ಒಂದಕ್ಷರವೂ ಬರುವುದಿಲ್ಲ. ಇನ್ನೊಂದು ಮಾತು: ‘ರಿಮೂವ್’ ತೆಗೆಯುವುದು ಮೊದಲು ಸಿಕ್ಕಿದ್ದನ್ನು. ಓಣಿಗೆ ಮೂವರು ಯಲ್ಲವ್ವ ಇದ್ದಲ್ಲಿ ಬರೇ ಹೆಸರು ಕೊಟ್ಟು ತೆಗೆಸಿದರೆ ಯಾವ ಯಲ್ಲವ್ವನ ಮಾಸಾಶನ ಹೋದೀತು?

ಅದಕ್ಕೇ ಇದ್ದ ಪಟ್ಟಿಯನ್ನು ಮುಟ್ಟದೆ ಬೇರೆ ಪಟ್ಟಿ ಕಟ್ಟಬೇಕು. ಇಲ್ಲಿನ ಘಟಕದಲ್ಲಿ ಶುದ್ಧವಾದ ನೀರನ್ನು ತಿರುಗಿ ಹೊಳೆಗೆ ಬಿಟ್ಟು ಹೊಳೆಯನ್ನೇ ಸ್ವಚ್ಛ ಮಾಡುವುದಿಲ್ಲವಲ್ಲ, ಬೇರೆ ತೊಟ್ಟಿಯಲ್ಲಿ ತುಂಬುತ್ತಾರೆ. ಪೈಥಾನಿನಲ್ಲಿ ಇದು ಒಂದೇ ಸಾಲು:

ಅರ್ಹರು = [ವ ಫಾರ್ ವ ಇನ್ ವಯಸ್ಸುಗಳು ಇಫ್ ವ >= 65]

‘ಫಾರ್’, ‘ಇನ್’, ‘ಇಫ್’ ಈ ಮೂರನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಉಳಿದ ಹೆಸರುಗಳು ಕನ್ನಡದಲ್ಲೇ ಇರಬಹುದು, 2008ರಲ್ಲಿ ಬಂದ ಪೈಥಾನ್ 3ರಿಂದ ಅದಕ್ಕೆ ಅವಕಾಶವಿದೆ. ಅರ್ಥ ಇಷ್ಟೇ: ಪಟ್ಟಿಯ ಪ್ರತಿ ವಯಸ್ಸನ್ನು ನೋಡು, 65 ಅಥವಾ ಹೆಚ್ಚಿದ್ದರೆ ಹೊಸ ಪಟ್ಟಿಗೆ ಹಾಕು. ಸಿಗುವುದು 72, 65, 81. ಸಮ ಚಿಹ್ನೆ ಬಿಟ್ಟು ಬರೀ > ಹಾಕಿದಿರೋ, ಸರಿಯಾಗಿ 65 ತುಂಬಿದ ತಾಯಿ ಹೊರಗೆ ಬಿದ್ದಳು.

ಇನ್ನು ವಯಸ್ಸೇ ಬರೆಯದವರು. ಜನ್ಮ ದಾಖಲೆ ಇಲ್ಲದ ಅಜ್ಜ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಆ ಜಾಗದಲ್ಲಿ ‘ನನ್’ ಅಂತ, ಅಂದರೆ ಏನೂ ಇಲ್ಲ ಅಂತ ಇದ್ದರೆ ಪೈಥಾನ್ 3 ಅದನ್ನು 65ರ ಜೊತೆ ಹೋಲಿಸಲು ಒಪ್ಪದೆ ಅಲ್ಲೇ ನಿಲ್ಲುತ್ತದೆ. ಕಿರಿಕಿರಿ ಅನಿಸಿದರೂ ನಮ್ಮ ಮಟ್ಟಿಗೆ ಅದು ಉಪಕಾರ. ಕೆಲಸ ಸಾಗಲಿ ಅಂತ ಅಲ್ಲಿ ಸೊನ್ನೆ ತುಂಬಿದರೆ, ಎಂಬತ್ತು ದಾಟಿದ ಅಜ್ಜಿ ಆಗತಾನೆ ಹುಟ್ಟಿದ ಕೂಸಾಗಿ, ಸದ್ದಿಲ್ಲದೆ ಪಟ್ಟಿಯಿಂದ ಜಾರುತ್ತಾಳೆ. ಅಂಥವರಿಗೆ ಮೊದಲೇ ಬೇರೆ ಪಟ್ಟಿ ಮಾಡಿರಿ, ಷರತ್ತು ‘ಇಫ್ ವ ಈಸ್ ನನ್’ ಅಂತ. ಮಿಕ್ಕವರನ್ನು ಆಮೇಲೆ ಸೋಸಿರಿ.

ಜೋಳ ಸಾಣಿಸಿದ ತಾಯಿ ಕೆಳಗೆ ಬಿದ್ದದ್ದನ್ನು ಹಾಗೇ ಚೆಲ್ಲುವುದಿಲ್ಲ, ನುಚ್ಚು ಎಷ್ಟಿದೆ, ಕಾಳು ಏನಾದರೂ ಜಾರಿದೆಯೇ ಅಂತ ಕೈಯಾಡಿಸುತ್ತಾಳೆ. ನೀವೂ ಮೂರು ಪಟ್ಟಿ ಎಣಿಸಿರಿ: ಅರ್ಹರು, 65 ತುಂಬದವರು, ವಯಸ್ಸು ತಿಳಿಯದವರು. ಮೂರೂ ಕೂಡಿದರೆ ಮೂಲ ಪಟ್ಟಿಯ ಸಂಖ್ಯೆ ಬರಬೇಕು. ಮೂರನೆಯದನ್ನು ಕಾಗದದ ಮೇಲೆ ಇಳಿಸಿಕೊಂಡು ಆ ಮನೆಗಳಿಗೆ ಹೋಗಿರಿ. ಮತದಾರರ ಚೀಟಿ, ಆಧಾರ್ ಏನಿದೆ ತೋರಿಸಿರಿ ಅಂತ ಕೇಳಿರಿ. ಆ ಕೆಲಸ ಪೈಥಾನ್ ಮಾಡಿಕೊಡುವುದಿಲ್ಲ.